ಹಿಂದಿನ ಸೀಟು ತೋರಿಸಿದ ಕನ್ನಡಿ

ಸೋಮವಾರ ಬೆಳಿಗ್ಗೆ ಫೋನು ಹೊಡೆದುಕೊಂಡಾಗ ಸೊಸೆಯ ಒಂದು ಕೈಯಲ್ಲಿ ಮಗಳ ಜಡೆ, ಬಾಯಲ್ಲಿ ರಿಬ್ಬನ್ನು. ಆ ಕಡೆ ಡಾಕ್ಟರಮ್ಮ.

"ನಾನು ತಗೋಬೇಕು ಅಂತಿದ್ದ, ನಿಮ್ಮತ್ತೆ ಇವತ್ತು ಪರೀಕ್ಷೆ ಮಾಡಬೇಕಿದ್ದ ಗಾಡಿ ಇದೆಯಲ್ಲ, ಅದನ್ನ ನಿನ್ನೆ ಯಾರೋ ಕದ್ದು ಓಡಿಸಿ, ಜಖಂ ಮಾಡಿ ತಂದು ನಿಲ್ಲಿಸಿದ್ದಾರೆ. ಶೋರೂಮಿನವರು ತಮ್ಮ ಡ್ರೈವರ್ ಮೇಲೆ ಹೊರಿಸ್ತಿದ್ದಾರೆ. ಮಧ್ಯಾಹ್ನದೊಳಗೆ ಅವನನ್ನ ಕೆಲಸದಿಂದ ತೆಗೀತಾರಂತೆ. ಬೇಗ ಬನ್ನಿ."

ಅತ್ತೆ ಮೂವತ್ತು ವರ್ಷ ವಿಮಾ ಕಂಪನಿಗೆ ಅಪಘಾತದ ವಾಹನಗಳನ್ನು ತಪಾಸಣೆ ಮಾಡಿಕೊಟ್ಟವರು. ಮೂಗಿಗೆ ಜಾರಿದ ಕನ್ನಡಕ, ಸೊಸೆಯ ಭುಜಕ್ಕೂ ಬಾರದ ಎತ್ತರ. ಆದರೆ ಅವರು ಗಾಡಿಯ ಸುತ್ತ ಒಂದು ಸುತ್ತು ಬಂದರೆ ಸುಳ್ಳು ಹೇಳಿದವರು ಮಾತು ಬದಲಿಸುತ್ತಿದ್ದರು. ನಿವೃತ್ತಿಯಾದ ಮೇಲೂ ದುಬಾರಿ ವಾಹನ ಕೊಳ್ಳುವವರು ಅವರನ್ನು ಕೇಳದೆ ಹೆಜ್ಜೆ ಇಡುತ್ತಿರಲಿಲ್ಲ. ಮೊಣಕಾಲಿನ ದೆಸೆಯಿಂದ ಸ್ಟೇರಿಂಗ್ ಮುಟ್ಟಕೂಡದೆಂದು ಇದೇ ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿದ್ದರಿಂದ, ಹೋದಲ್ಲೆಲ್ಲ ಕರೆದೊಯ್ಯುವ ಕೆಲಸ ಸೊಸೆಯ ಪಾಲಿಗೆ ಬಂದಿತ್ತು. ಬಾಯಲ್ಲಿ ಗೊಣಗಿದರೂ ಅವಳಿಗೆ ಅದೇ ವಾರದ ಹಬ್ಬ.

ತಮ್ಮ ಪುಟ್ಟ ಕಾರಿನಲ್ಲಿ ಕೂತ ಸೊಸೆ ತಲೆ ಎತ್ತಿದರೆ, ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಜಿನ ಬದಲು ಹಿಂದಿನ ಸೀಟು, ಮಗಳ ಸ್ಕೂಲ್ ಬ್ಯಾಗು ಕಾಣಿಸಿತು.

"ಕನ್ನಡಿ ಮುಟ್ಟಬೇಡ ಅಂತ ಎಷ್ಟು ಸಲ ಹೇಳೋದೇ ನಿಂಗೆ?"

"ನಾನು ಮುಟ್ಟೇ ಇಲ್ಲಮ್ಮಾ!"

"ಮತ್ತೆ ದೆವ್ವ ಬಂದು ಮುಟ್ಟಿತಾ?"

ಮಗಳು ಮುಖ ಊದಿಸಿಕೊಂಡು ಅಜ್ಜಿಯನ್ನು ನೋಡಿದಳು. ಅಜ್ಜಿ ಕಿಟಕಿಯಾಚೆ ನೋಡುತ್ತಿದ್ದರು.

ಮಗಳನ್ನು ಶಾಲೆಗೆ ಬಿಟ್ಟು ಶೋರೂಮಿನ ಹಿಂದಿನ ಅಂಗಳ ತಲುಪಿದಾಗ ಗಾಡಿ ಗೋಡೆ ಪಕ್ಕ ನಿಂತಿತ್ತು. ಕೆಸರು ಮೆತ್ತಿದ್ದರೂ ಅದರ ಗತ್ತು ಕುಂದಿರಲಿಲ್ಲ. ಎತ್ತರದ ಎದೆ, ಇಸ್ತ್ರಿ ಮಾಡಿದ ಮಡಿಕೆಯಂಥ ಅಂಚುಗಳು, ಒಳಗೆ ಜೇನುಬಣ್ಣದ ಚರ್ಮದ ಸೀಟುಗಳು. ಸೊಸೆಗೆ ಕಣ್ಣು ಕೀಳಲಾಗಲಿಲ್ಲ.

"ಮೂತಿ ಕೆಳಗಡೆ ಕತ್ತರಿಸಿದ ಹಾಗಿದೆ ನೋಡು," ಎಂದರು ಅತ್ತೆ. "ಅಂದಕ್ಕಲ್ಲ ಅದು. ದಿಬ್ಬ ಹತ್ತುವಾಗ ಮೊದಲು ನೆಲಕ್ಕೆ ತಾಗೋದೇ ಮೂತಿ. ಇದನ್ನ ಮಾಡಿದವನು ಪೆನ್ಸಿಲ್ ಹಿಡಿಯೋ ಮುಂಚೆ ಕಲ್ಲುದಾರಿ ತುಳಿದಿದ್ದಾನೆ."

ಈಗ ಆ ಮೂತಿಯ ಕೆಳಗಿನ ಬಂಪರ್ ಸೀಳಿತ್ತು. ಹೊಟ್ಟೆಯಡಿಯ ಲೋಹದ ತಗಡು ತಗ್ಗಾಗಿತ್ತು. ನಾಲ್ಕೂ ಟೈರು ಅರ್ಧ ಗಾಳಿಯಲ್ಲಿ ಚಪ್ಪಟೆಯಾಗಿದ್ದವು.

"ಇನ್ನೇನು ಸಾಕ್ಷಿ ಬೇಕು?" ಮ್ಯಾನೇಜರ್ ಬೆವರು ಒರೆಸಿಕೊಂಡರು. "ಭಾನುವಾರ ರಜೆ. ಕೀ ಇಡೋ ಪೆಟ್ಟಿಗೆ ನಂಬರ್ ಗೊತ್ತಿರೋದು ಮೂರೇ ಜನಕ್ಕೆ. ನನಗೆ, ನಮ್ಮ ಸೇಲ್ಸ್‌ನವರಿಗೆ, ಈ ಡ್ರೈವರ್‌ಗೆ. ಸೀಟು ಇವನ ಎತ್ತರಕ್ಕೆ ಉಳಿಸಿಟ್ಟ ಗುಂಡಿಯ ನಂಬರಲ್ಲೇ ಇದೆ. ಕೆಸರಿಗೆ ಇಳಿಯೋ ಮುಂಚೆ ಟೈರ್ ಗಾಳಿ ಇಳಿಸಬೇಕು ಅಂತ ಇಲ್ಲಿ ಇವನು ತಾನೇ ಎಲ್ಲರಿಗೂ ಪಾಠ ಮಾಡೋದು!"

ಉದ್ದಣ್ಣನೆಂದೇ ಎಲ್ಲರೂ ಕರೆಯುವ ಡ್ರೈವರ್ ಗೋಡೆಗೆ ಒರಗಿ ನಿಂತಿದ್ದ. ಬಾಗಿಲಿಗೆ ಬಗ್ಗಿ ಬರುವಂಥ ಆಳು, ಅಂದು ಇನ್ನಷ್ಟು ಬಗ್ಗಿದ್ದ.

"ಅಮ್ಮಾ, ಬೆಳಿಗ್ಗೆ ತೊಳೆಯೋಕೆ ಬಂದಾಗ ಹೀಗಿತ್ತು. ಬಾಗಿಲು ಕೂಡ ತೆಗೀದೆ ಓಡಿಹೋಗಿ ಹೇಳಿದವನೇ ನಾನು. ಕೆಲಸ ಹೋದ್ರೆ ಇನ್ನೊಂದು ಹುಡುಕ್ತೀನಿ. ಆದ್ರೆ ಗಾಡಿ ಒಡೆದು ಸುಳ್ಳು ಹೇಳ್ದ ಅಂತ ಹೆಸರು ಬಿದ್ರೆ ಯಾರಮ್ಮಾ ನನ್ನ ಕೈಗೆ ಸ್ಟೇರಿಂಗ್ ಕೊಡ್ತಾರೆ?"

ಅತ್ತೆ ಟಾರ್ಚು ಹಿಡಿದು ಟೈರುಗಳತ್ತ ಬಗ್ಗಿದರು. "ಇಲ್ಲಿ ಏನು ಕಾಣುತ್ತೆ ಹೇಳೇ."

"ಕೆಸರು. ಅದರಡಿ ಹೊಸ ರಬ್ಬರು," ಎಂದಳು ಸೊಸೆ. "ಉಜ್ಜಿದ ಗುರುತೇನಿಲ್ಲ."

"ಜ್ಞಾಪಕ ಇಟ್ಟುಕೋ." ಬಳಿಕ ಬಾಗಿಲು ತೆಗೆದು, ಕೈ ಹಿಂದೆ ಕಟ್ಟಿಕೊಂಡೇ ಒಳಗೆ ಇಣುಕಿದರು. ಒಮ್ಮೆ ಮೇಲೆ ನೋಡಿದರು, ಒಮ್ಮೆ ಸೊಸೆಯನ್ನು ನೋಡಿದರು, ಯಾಕೋ ಕೆಮ್ಮಿದರು. "ಯಾರೂ ಒಳಗೆ ಕೈ ಹಾಕಬೇಡಿ. ಕೀ ನನ್ನ ಸೊಸೆ ಹತ್ರ ಇರಲಿ."

ಅಷ್ಟರಲ್ಲಿ ಸೇಲ್ಸ್‌ನವ ಡಾಕ್ಟರಮ್ಮನ ಪಕ್ಕ ಸೇರಿದ್ದ. ಗಿಡ್ಡ ಆಳು, ಉದ್ದ ನಾಲಿಗೆ. ಮಾತಿನಮಲ್ಲ ಎಂದೇ ಹೆಸರು. "ಇದು ಹೋದ್ರೆ ಹೋಗ್ಲಿ ಮೇಡಂ, ಇನ್ನೊಂದು ತರಿಸ್ತೀನಿ. ಗುಡ್ಡದ ಮೇಲಿನ ಕ್ಲಿನಿಕ್ಕಿಗೆ ಹೇಳಿ ಮಾಡಿಸಿದ್ದು. ಏರ್ ಸಸ್ಪೆನ್ಶನ್! ಗುಂಡಿ ತಿರುಗಿಸಿದ್ರೆ ಗಾಡಿ ನಾಲ್ಕು ಬೆರಳು ಮೇಲೇಳುತ್ತೆ. ಆಮೇಲೆ ಕಣ್ಣು ಮುಚ್ಕೊಂಡು ಹೋಗಿ."

"ಎಷ್ಟು ಹೊತ್ತು ಮೇಲೇ ಇರುತ್ತಪ್ಪಾ?" ಅತ್ತೆ ಮುಗ್ಧರಂತೆ ಕೇಳಿದರು.

"ನೀವಾಗಿ ಇಳಿಸೋ ತನಕ!"

ಉದ್ದಣ್ಣ ಏನೋ ಹೇಳಲು ಬಾಯಿ ತೆರೆದವನು ನುಂಗಿಕೊಂಡ. ಅತ್ತೆ ಅದನ್ನೂ ನೋಡಿದರು.

"ಎಲ್ಲರೂ ಗಾಡಿ ಸುತ್ತ ಬನ್ನಿ. ಸೀಟಿನ ನೆನಪಿನ ಗುಂಡಿಗಳಲ್ಲಿ ಒಂದು ಉದ್ದಣ್ಣನದು, ಎರಡು ಮ್ಯಾನೇಜರದು, ಮೂರು ಸೇಲ್ಸ್‌ನವರದು. ಅಲ್ವಾ? ಒಬ್ಬೊಬ್ಬರೇ ನಿಮ್ಮ ನಿಮ್ಮ ಗುಂಡಿ ಒತ್ತಿ ಕೂತು, ಒಳಗಿನ ಕನ್ನಡಿ ಮುಟ್ಟದೆ ಅದರಲ್ಲಿ ಏನು ಕಾಣುತ್ತೆ ಹೇಳಿ. ನನ್ನ ಸೊಸೆ ಪಕ್ಕದಲ್ಲಿ ಕೂತಿರ್ತಾಳೆ."

ಉದ್ದಣ್ಣ ಮೊದಲು ಹತ್ತಿದ. "ಹಿಂದಿನ ಸೀಟು ಕಾಣುತ್ತಮ್ಮಾ. ಗಾಜೇ ಕಾಣಲ್ಲ."

ಮ್ಯಾನೇಜರ್ ಹೊಟ್ಟೆ ಒಳಗೆಳೆದುಕೊಂಡು ಕೂತರು. "ಸೀಟಿನ ತಲೆದಿಂಬು. ಗಾಜು ಒಂದು ಚೂರು."

ಮಾತಿನಮಲ್ಲ ಕೂತ. ಮಾತು ಬರಲಿಲ್ಲ. ಸೊಸೆ ಅವನ ತಲೆಯ ಪಕ್ಕಕ್ಕೆ ತಲೆ ತಂದು ನೋಡಿದಳು. ಹಿಂದಿನ ಗಾಜು, ಅದರಾಚೆ ಗೇಟು, ಗೇಟಿನ ಬೀಗ, ಎಲ್ಲ ಚೌಕಟ್ಟು ಹಾಕಿದಷ್ಟು ನೆಟ್ಟಗೆ ಕಾಣುತ್ತಿದ್ದವು.

"ಈ ಗಾಡಿ ಎಷ್ಟು ಜಾಣ ಅಂದ್ರೆ," ಅತ್ತೆ ನಿಧಾನವಾಗಿ ಶುರುಮಾಡಿದರು, "ಒಂದು ಗುಂಡಿಗೆ ಸೀಟು, ಸ್ಟೇರಿಂಗ್, ಹೊರಗಿನ ಕನ್ನಡಿ ಎಲ್ಲಾ ಆಯಾ ಜನಕ್ಕೆ ತಕ್ಕ ಹಾಗೆ ಕೂರುತ್ತೆ. ಓಡಿಸಿ ತಂದವನು ಕೊನೆಗೆ ಉದ್ದಣ್ಣನ ಗುಂಡಿ ಒತ್ತಿ ಇಳಿದ. ಆದ್ರೆ ಒಳಗಿನ ಕನ್ನಡಿ ಮಾತ್ರ ಇದರಲ್ಲಿ ಕೈಯಿಂದಲೇ ತಿರುಗಿಸಬೇಕು. ಅದು ಕೊನೇಲಿ ಓಡಿಸಿದವನ ಕಣ್ಣಿಗೇ ನಿಂತುಬಿಡ್ತು. ಗಿಡ್ಡ ಇರೋರ ಕಣ್ಣಿಗೆ ಹೊಂದಿಸಿದ ಕನ್ನಡಿ ಎತ್ತರದವರಿಗೆ ಹಿಂದಿನ ಸೀಟು ತೋರಿಸುತ್ತೆ."

"ಗಾಳಿ ಇಳಿಸಿದ್ದು?" ಎಂದರು ಮ್ಯಾನೇಜರ್.

"ಈ ಅಂಗಳದಲ್ಲೇ, ಬಂದ ಮೇಲೆ. ಅರ್ಧ ಗಾಳೀಲಿ ಡಾಂಬರು ರಸ್ತೆ ಮೇಲೆ ವಾಪಸ್ ಬಂದಿದ್ರೆ ಟೈರಿನ ಪಕ್ಕೆಗಳು ಉಜ್ಜಿಹೋಗಿರ್ತಿದ್ವು. ಅದೂ ಅಲ್ದೆ ಉದ್ದಣ್ಣನಾಗಿದ್ರೆ ರಸ್ತೆಗೆ ಹತ್ತೋ ಮುಂಚೆ ಗಾಳಿ ತುಂಬಿರ್ತಿದ್ದ. ಪಾಠದ ಮೊದಲರ್ಧ ಮಾತ್ರ ಕೇಳಿಸಿಕೊಂಡವರ ಕೆಲಸ ಇದು. ಉದ್ದಣ್ಣಾ, ಮೇಲೆತ್ತಿದ ಗಾಡಿ ಎಷ್ಟು ಹೊತ್ತು ಮೇಲಿರುತ್ತೆ?"

"ನಿಧಾನವಾಗಿ ಹೋಗೋ ತನಕ ಅಮ್ಮಾ. ವೇಗ ಜಾಸ್ತಿಯಾದ್ರೆ ಮಗುಚಬಾರದು ಅಂತ ತಾನಾಗೇ ಇಳಿಯುತ್ತೆ. ಮುಂದೆ ಪರದೆ ಮೇಲೆ ಹೇಳುತ್ತೆ ಕೂಡ."

ಮಾತಿನಮಲ್ಲ ತಲೆ ಮೇಲೆತ್ತಲಿಲ್ಲ. "ಭಾವಮೈದ ವಿಡಿಯೋ ತೆಗೀತಿದ್ದ... ನಾನು ಕ್ಯಾಮೆರಾ ನೋಡ್ತಿದ್ದೆ. ಮೇಲೇ ಇದೆ ಅಂದ್ಕೊಂಡೆ ಮೇಡಂ. ಕಲ್ಲು ಬಡೀತು. ಉದ್ದಣ್ಣನಿಗೆ ಹೇಗೂ ಬೇರೆ ಕಡೆ ಕೆಲಸ ಸಿಗುತ್ತೆ ಅಂತ..."

"ಐದು ವರ್ಷ ಇದೇ ಗಾಡಿ ಮಾರಿದೀಯ," ಎಂದ ಉದ್ದಣ್ಣ. ಸಿಟ್ಟಿಗಿಂತ ಬೇಜಾರೇ ಹೆಚ್ಚಿತ್ತು ಆ ದನಿಯಲ್ಲಿ. "ಒಂದಿನ ನನ್ನ ಪಕ್ಕ ಕೂತಿದ್ರೆ ಹೇಳಿಕೊಡ್ತಿದ್ನಲ್ಲೋ."

ಮ್ಯಾನೇಜರ್ ಮಾತಿನಮಲ್ಲನನ್ನು ಕಚೇರಿಗೆ ಕಳಿಸಿ, ಉದ್ದಣ್ಣನ ಕೈ ಹಿಡಿದು ಎಲ್ಲರೆದುರೇ ತಪ್ಪಾಯಿತೆಂದರು. ಅತ್ತೆ ಮತ್ತೆ ಹೊಟ್ಟೆಯಡಿಗೆ ಟಾರ್ಚು ಬಿಟ್ಟರು. "ಇಷ್ಟು ದೊಡ್ಡ ಪೆಟ್ಟು ಈ ತಗಡೇ ತಿಂದಿದೆ ಡಾಕ್ಟರಮ್ಮಾ. ಒಳಗೆ ಒಂದು ಹನಿ ಎಣ್ಣೆ ಜಿನುಗಿಲ್ಲ. ನೋಟಕ್ಕೆ ಮಾತ್ರ ಬೇಕಿದ್ರೆ ಬೇಡ ಅಂತಿದ್ದೆ. ದುಡಿಸೋದಾದ್ರೆ ತಗೊಳ್ಳಿ."

"ಬಂಪರ್, ತಗಡು ಹೊಸದು ಹಾಕಿ ಇದನ್ನೇ ಕೊಡಲಿ," ಎಂದರು ಡಾಕ್ಟರಮ್ಮ. "ಓಡಿಸೋದು ಮಾತ್ರ ಉದ್ದಣ್ಣನೇ ಕಲಿಸಬೇಕು."

ಉದ್ದಣ್ಣ ಒಳಗೆ ಹತ್ತಿ ಗುಂಡಿ ಒತ್ತಿದ. ಸೀಟು ಸದ್ದಿಲ್ಲದೆ ಹಿಂದೆ ಸರಿಯಿತು. ಆಮೇಲೆ ಕೈ ಮೇಲೆತ್ತಿ, ಕನ್ನಡಿಯನ್ನು ತನ್ನ ಕಣ್ಣಿಗೆ ತಿರುಗಿಸಿಕೊಂಡ.

ಮನೆಯ ದಾರಿ ಅರ್ಧ ಸವೆದ ಮೇಲೆ ಸೊಸೆ ಒಳಗಿನ ಕನ್ನಡಿ ನೋಡಿದವಳೇ ತಟಕ್ಕನೆ ಕಾರನ್ನು ಪಕ್ಕಕ್ಕೆ ನಿಲ್ಲಿಸಿದಳು.

"ಅತ್ತೆ, ನಿನ್ನೆ ಈ ಕಾರು ಯಾರು ಓಡಿಸಿದ್ದು?"

ಅತ್ತೆ ಕನ್ನಡಕ ಒರೆಸಿದರು. "ಮಧ್ಯಾಹ್ನ ನೀನು ಸುಸ್ತಾಗಿ ಮಲಗಿದ್ದೆ. ಎಬ್ಬಿಸೋಕೆ ಮನಸ್ಸಾಗಲಿಲ್ಲ. ಮಗು ಐಸ್‌ಕ್ರೀಮ್ ಅಂತ ಕೂತಿತ್ತು... ಡಾಕ್ಟರಮ್ಮನಿಗೆ ಹೇಳಬೇಡ ಕಣೇ."

"ಅವಳೂ ಬಾಯಿ ಬಿಡಲಿಲ್ಲವಲ್ಲ!"

"ಕೊಟ್ಟ ಮಾತು ಉಳಿಸಿಕೊಂಡು ಬೈಸಿಕೊಂಡಿತು, ಪಾಪ."

ಸೊಸೆ ಗಡಿಯಾರ ನೋಡಿದಳು. ಶಾಲೆಯ ಊಟದ ಬಿಡುವಿಗೆ ಹತ್ತು ನಿಮಿಷವಿತ್ತು. ಅವಳು ಕಾರನ್ನು ಶಾಲೆಯ ಕಡೆಗೆ ತಿರುಗಿಸಿದಳು.