ಬೊಟ್ಟಿಯನ್ನು ನೆಲಕ್ಕಿಳಿಸದ ಬೋಯಿ

ಬನ್ನಿ ಮಕ್ಕಳೇ, ಗೋಡೆಗೆ ಬೆನ್ನು ಕೊಟ್ಟು ಕೂತುಕೊಳ್ಳಿ. ಏ ಕೂಸೇ, ಆ ನಾಯಿಮರಿಯ ಕಿವಿ ಹಿಂಡಬೇಡ, ಮಡಿಲಿಗೆ ಹಾಕಿಕೋ. ಈ ಕತೆ ಅದೂ ಕೇಳಲಿ. ಇದನ್ನು ಹೇಳುವಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಬಂದರೆ ಬರಲಿ, ನೀವು ಹೂಂಗುಟ್ಟಿ.

ಬಹಳ ಹಿಂದೆ ಹೊಂಗೋಟೆ ಅಂತ ಒಂದು ರಾಜಧಾನಿ ಇತ್ತು. ಎಂಥಾ ಪಟ್ಟಣ ಅಂತೀರಿ! ಹೊತ್ತು ಹುಟ್ಟುವಾಗ ಈ ಬಾಗಿಲು ಬಿಟ್ಟರೆ ಹೊತ್ತು ಮುಳುಗುವಾಗ ಆ ಬಾಗಿಲು ಸಿಗುತ್ತಿತ್ತು. ಅಲ್ಲಿ ಕುದುರೆಯಿಲ್ಲದೆ, ಎತ್ತಿಲ್ಲದೆ ರಥಗಳು ಓಡುತ್ತಿದ್ದವು. ಅವನ್ನು ಮಾಡಿಕೊಟ್ಟವನು ಚಕ್ರಕೇತು ಅನ್ನುವ ಮಾಂತ್ರಿಕ. ದೊರೆ ತೇಜೋರಾಯ ಹಿಗ್ಗಿಹೋಗಿ, "ಏನು ಬೇಕು ಕೇಳು" ಅಂದ.

"ಹೆಚ್ಚೇನೂ ಬೇಡ ಪ್ರಭು. ಬೀದಿಯಲ್ಲಿ ನೆಲಕ್ಕೆ ಬಿದ್ದದ್ದು ನನ್ನದಾಗಲಿ."

ಕಸ ಕೇಳುತ್ತಿದ್ದಾನೆ ಅಂದುಕೊಂಡು ದೊರೆ ನಕ್ಕು ಮಾತು ಕೊಟ್ಟ.

ಕಸವಲ್ಲ ಮಕ್ಕಳೇ! ರಥ ಗುದ್ದಿ ಬಿದ್ದ ನಾಯಿ, ಬೀದಿಯ ಕರು, ಕತ್ತೆ, ಬೆಕ್ಕು. ಬಿದ್ದ ಜೀವಕ್ಕೆ ಮಾಂತ್ರಿಕ ತನ್ನ ಬೆತ್ತ ಮುಟ್ಟಿಸಿದರೆ ಸಾಕು, ಅದರ ಕಾಲಿನ ಓಟವೆಲ್ಲ ಸರ್ರನೆ ಹೋಗಿ ಗಾಲಿಗೆ ಸೇರಿಕೊಳ್ಳುತ್ತಿತ್ತು. ಆಮೇಲೆ ಅದು ಏಳುತ್ತಿರಲಿಲ್ಲ. ಅವನ ಹಿತ್ತಿಲಲ್ಲಿ ರಾಶಿ ರಾಶಿ ಬಿದ್ದಿರುತ್ತಿದ್ದವು, ಕಣ್ಣು ಮಾತ್ರ ಬಿಟ್ಟುಕೊಂಡು. ಯಾರೂ ಬಂದು ಎತ್ತಬಾರದಲ್ಲ, ಅದಕ್ಕೇ ಅವನು ದೊರೆಯ ಕೈಯಲ್ಲಿ ಡಂಗುರವನ್ನೂ ಸಾರಿಸಿದ: "ಬಿದ್ದದ್ದನ್ನು ಎತ್ತಿದವನೇ ಗುದ್ದಿದವನು! ಅವನಿಗೆ ಸೆರೆಮನೆ!"

ಜನ ಏನು ಮಾಡಿದರು ಗೊತ್ತೇ? ಸೀರೆಯ ನಿರಿಗೆ ಎತ್ತಿ ಹಿಡಿದು ಪಕ್ಕದಲ್ಲಿ ದಾಟಿಕೊಂಡು ಹೋದರು. ಗಾಲಿ ಕಲ್ಲಿಗೆ ಬಡಿದಾಗ ಕುಂಯ್ ಅಂತ ನರಳುತ್ತಿತ್ತು. ನಾಯಿಯ ದನಿ ಮಕ್ಕಳೇ, ನಾಯಿಯ ದನಿ! "ಎಣ್ಣೆ ಬಿಡಬೇಕು ಕಣ್ರೀ" ಅಂದುಕೊಳ್ಳುತ್ತಿದ್ದರಂತೆ. ಎಣ್ಣೆಯಂತೆ ಎಣ್ಣೆ! ಕಿವಿಗೆ ಬಿಟ್ಟುಕೊಳ್ಳಬೇಕಿತ್ತು.

ಆ ಊರಲ್ಲಿ ದ್ಯಾವ ಅಂತ ಒಬ್ಬ ಬೋಯಿ, ಪಲ್ಲಕ್ಕಿ ಹೊರುವವನು. ರಥ ಬಂದ ಮೇಲೆ ಪಲ್ಲಕ್ಕಿ ಕೇಳುವವರಿಲ್ಲದೆ ಮದುವೆಮನೆಗಳಿಗೆ ನೀರು ಹೊತ್ತು ಬದುಕುತ್ತಿದ್ದ. ಅವನ ಗಂಜಿಯಲ್ಲಿ ಪಾಲು ತಿನ್ನಲು ಒಂದು ಹೆಣ್ಣುನಾಯಿ ಬರುತ್ತಿತ್ತು. ಕೆಂಚು ಮೈ, ಹಣೆಯಲ್ಲಿ ಬಿಳಿ ಬೊಟ್ಟು. ಅದಕ್ಕೇ ಅವಳ ಹೆಸರು ಬೊಟ್ಟಿ.

ಒಂದು ದಿನ ದೊಡ್ಡವರ ರಥವೊಂದು ಬೊಟ್ಟಿಯ ಹಿಂಗಾಲಿನ ಮೇಲೆ ಹತ್ತಿಕೊಂಡು ಹೋಯಿತು. ನಿಂತೂ ನೋಡಲಿಲ್ಲ. ದ್ಯಾವ ಓಡಿ ಬಂದಾಗ ಅವಳು ನೆತ್ತರಲ್ಲಿ ಬಿದ್ದಿದ್ದಳು, ಅವನನ್ನು ಕಂಡು ಬಾಲ ಮಾತ್ರ ಆಡಿಸಿದಳು. ಬೀದಿಯ ತುದಿಯಲ್ಲಿ ಮಾಂತ್ರಿಕನ ರಥ ಬರುತ್ತಿತ್ತು. ದ್ಯಾವ ಪಂಚೆ ಬಿಗಿದು ಕಟ್ಟಿ, ಬೊಟ್ಟಿಯನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡ.

"ಅಯ್ಯೋ, ಎತ್ತಿಬಿಟ್ಟ!" ಅಂದರು ಜನ. ಗುದ್ದಿದಾಗ ಅಯ್ಯೋ ಅನ್ನದ ಬಾಯಿಗಳು!

ಬೋಯಿಗಳದು ಒಂದು ಕಟ್ಟಳೆ. ಹೆಗಲಿಗೆ ಬಂದದ್ದನ್ನು ನಡುದಾರಿಯಲ್ಲಿ ನೆಲಕ್ಕಿಡುವಂತಿಲ್ಲ. ಊರಬಾಗಿಲ ಆಚೆ, ದೊರೆಯ ಡಂಗುರ ಮುಟ್ಟದ ಹುಣಸೇ ತೋಪಿನಲ್ಲಿ ನಿಂಗಜ್ಜಿ ಅಂತ ಒಬ್ಬಳಿದ್ದಳು, ಮುರಿದ ಮೂಳೆ ಕಟ್ಟುವವಳು. ಅಲ್ಲಿಗೆ ಹೊರಟ.

ಮಾಂತ್ರಿಕ ಹಲ್ಲು ಕಡಿದ. ದೊರೆಯ ಹೊಸ ರಥಕ್ಕೆ ಮೂರು ಗಾಲಿ ತುಂಬಿದ್ದವು; ನಾಲ್ಕನೆಯದಕ್ಕೆ ಇದೇ ಓಟ ಬೇಕಿತ್ತು. ಆದರೆ ಹೆಗಲ ಮೇಲಿದ್ದದ್ದನ್ನು ಅವನ ಬೆತ್ತ ಮುಟ್ಟುವಂತಿರಲಿಲ್ಲ. ಅವಳನ್ನು ಹೇಗಾದರೂ ನೆಲಕ್ಕಿಳಿಸಬೇಕಿತ್ತು.

ಒಳಕೋಟೆಯ ಬಾಗಿಲಲ್ಲಿ ಕಂಬ ಹೊತ್ತು ಕೂತ ಕಲ್ಲಿನ ಸಿಂಹಕ್ಕೆ ಅವನು ಮಂತ್ರ ಹಾಕಿದ. ಸಿಂಹ ಕಣ್ಣು ಬಿಟ್ಟು, "ಇಳಿಸೋ ನಾಯಿಯನ್ನ! ಇಳಿಸದಿದ್ದರೆ ನಿನ್ನನ್ನೇ ನುಂಗುತ್ತೇನೆ" ಅಂತ ಗುಡುಗಿತು.

ದ್ಯಾವ ಬೊಟ್ಟಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಆಮೇಲೆ ಅಂದ, "ಸಿಂಹಪ್ಪಾ, ನೀನೂ ಹೊರುವವನೇ ಅಲ್ಲವೇ? ನಮ್ಮಜ್ಜನ ಕಾಲದಿಂದ ಈ ಕಂಬ ಹೊತ್ತಿದ್ದೀಯೆ. ಒಂದು ಗಳಿಗೆ ಅದನ್ನ ಇಳಿಸು, ನಾನೂ ಇಳಿಸುತ್ತೇನೆ."

ಸಿಂಹ ತನ್ನ ತಲೆಯ ಮೇಲೆ ನೋಡಿಕೊಂಡಿತು. "ನಾನು ಇಳಿಸಿದರೆ ಬಾಗಿಲೇ ಬೀಳುತ್ತದಲ್ಲಯ್ಯಾ" ಅಂತ ಗೊಣಗಿ, ಬಾಲ ಪಕ್ಕಕ್ಕೆ ಸರಿಸಿ ದಾರಿ ಬಿಟ್ಟಿತು.

ಪೇಟೆಬೀದಿಯಲ್ಲಿ ಮಾಂತ್ರಿಕ ಇನ್ನೊಂದು ಮಂತ್ರ ಊದಿದ. ಬೊಟ್ಟಿ ಭಾರವಾದಳು. ಮೊದಲು ಕರುವಿನಷ್ಟು, ಆಮೇಲೆ ಎಮ್ಮೆಯಷ್ಟು, ಆಮೇಲೆ ಗಾಣದ ಕಲ್ಲಿನಷ್ಟು. ದ್ಯಾವನ ಕಾಲು ಮಣ್ಣಿಗೆ ಹೂತುಕೊಂಡಿತು.

"ಬಿಸಾಕೋ ಮಾರಾಯ, ಬೀದಿನಾಯಿ ತಾನೇ" ಅಂತ ಒಬ್ಬ ಅಂಗಡಿಯಿಂದಲೇ ಬುದ್ಧಿ ಹೇಳಿದ. "ಇವನೇ ಗುದ್ದಿರಬೇಕು, ಇಲ್ಲದಿದ್ದರೆ ಯಾಕೆ ಹೊರುತ್ತಿದ್ದ?" ಅಂದ ಇನ್ನೊಬ್ಬ. ಕೇಳಿದಿರಾ? ಕರುಣೆಗೂ ಕಾರಣ ಹುಡುಕುವ ಜನ!

ದ್ಯಾವನಿಗೆ ಬೇರೇನೂ ತೋಚಲಿಲ್ಲ. ಬೋಯಿಗಳ ಕೂಗು ತೆಗೆದ: "ಏರು ಬಂತು, ಹೋಯ್!"

ಮರುದನಿ ಕೊಡಲು ಜೊತೆಯ ಬೋಯಿ ಇಲ್ಲ. ಆಗ ಮೂಲೆಯಲ್ಲಿ ಹೂ ಕಟ್ಟುತ್ತಿದ್ದ ಸಾಕವ್ವ ಎದ್ದು ನಿಂತು, "ಹೋಯ್, ಹೆಗಲು ಕೊಟ್ಟೆ!" ಅಂತ ಕೂಗಿದಳು.

"ಸಾಕವ್ವಾ, ಸೆರೆಮನೆ!" ಅಂತ ಯಾರೋ ಹೆದರಿಸಿದರು.

"ಎತ್ತಬೇಡ ಅಂತ ಡಂಗುರ ಸಾರಿದ್ದಾರೆ, ಕೂಗಬೇಡ ಅಂತ ಸಾರಿಲ್ಲ. ನಿನ್ನ ಮುಸುಡಿಗಿಷ್ಟು! ನಡಿ ಮಗಾ, ನಾನಿದೀನಿ."

ಅವಳು ಕೂಗಿದ ಹಾಗೆಲ್ಲ ಭಾರ ಅರ್ಧರ್ಧ ಇಳಿಯಿತು. ಪೇಟೆ ದಾಟುವ ಹೊತ್ತಿಗೆ ಬೊಟ್ಟಿ ಬರೀ ಬೊಟ್ಟಿಯಾಗಿದ್ದಳು. ಆದರೆ ಅವಳ ಉಸಿರು ಸಣ್ಣದಾಗಿತ್ತು, ದ್ಯಾವನ ಬೆನ್ನೆಲ್ಲ ನೆತ್ತರು.

ಅಷ್ಟರಲ್ಲಿ ಅರಮನೆಯಲ್ಲಿ ದೊರೆಗೆ ತಾಳ್ಮೆ ಮುಗಿದಿತ್ತು. "ಮೂರು ಗಾಲಿ ತುಂಬಿದೆಯಲ್ಲ, ಸಾಕು, ಬಿಡಿ ರಥ!" ಅಂತ ಹೊರಟೇಬಿಟ್ಟ. ಮೂರು ಗಾಲಿ ಗಾಳಿಯ ಹಾಗೆ ಓಡಿದವು, ನಾಲ್ಕನೆಯದು ಮಿಸುಕಲಿಲ್ಲ. ಊರಬಾಗಿಲ ಹತ್ತಿರ ರಥ ಗಿರ್ರನೆ ತಿರುಗಿ ಮಗುಚಿಕೊಂಡಿತು. ಕಿರೀಟ ಚರಂಡಿಗೆ, ದೊರೆ ಧೂಳಿಗೆ. ಕಾಲು ಮುರಿದಿತ್ತು.

"ಎತ್ತಿರೋ! ಯಾರಾದರೂ ಎತ್ತಿರೋ!"

ಬೀದಿ ತುಂಬ ಜನ. ಒಬ್ಬರೂ ಅಲುಗಲಿಲ್ಲ. ಎತ್ತಿದವನೇ ಗುದ್ದಿದವನು ತಾನೇ? ನಿರಿಗೆ ಎತ್ತಿ ಹಿಡಿದರು, ಪಕ್ಕದಲ್ಲಿ ದಾಟಿದರು.

ಮಾಂತ್ರಿಕ ತನ್ನ ರಥದಲ್ಲಿ ಬಂದು, ಬಗ್ಗಿ ನೋಡಿ ನಕ್ಕ. "ನೆಲಕ್ಕೆ ಬಿದ್ದದ್ದು ನನ್ನದು ಅಂತ ತಾವೇ ಅಪ್ಪಣೆ ಕೊಡಿಸಿದ್ದೀರಿ, ಪ್ರಭು. ನಾಲ್ಕನೇ ಗಾಲಿಗೆ ತಮ್ಮ ಓಟವೇ ಆಗಲಿ ಬಿಡಿ." ಬೆತ್ತ ಎತ್ತಿದ.

ಅಲ್ಲಿಗೆ ದ್ಯಾವ ಬಂದ. ಅವನನ್ನು ಕಂಡು ದೊರೆ ಕಿರುಚಿದ, "ಲೋ ಬೋಯಿ! ಆ ನಾಯಿಯನ್ನ ಕೆಳಗೆ ಹಾಕು, ನನ್ನನ್ನ ಎತ್ತು! ರಾಜಾಜ್ಞೆ!"

ದ್ಯಾವ ಕುಕ್ಕರುಗಾಲಲ್ಲಿ ಕೂತ. "ಬುದ್ಧೀ, ಇವಳು ಮೊದಲು ಹೆಗಲಿಗೆ ಬಂದವಳು, ಇಳಿಸುವಂತಿಲ್ಲ. ಇನ್ನೊಂದು ಹೆಗಲು ಖಾಲಿ ಇದೆ. ಹತ್ತುತ್ತೀರಾ?"

"ಬೀದಿನಾಯಿಯ ಪಕ್ಕದಲ್ಲೇ!"

"ಹಾಗಾದರೆ ಬಿಡಿ ಬುದ್ಧೀ, ನಾನು ಹೊರಟೆ."

"ಏ ಏ ಏ, ನಿಲ್ಲೋ!" ಅಂದವನೇ ದೊರೆ ಅವನ ಕತ್ತು ತಬ್ಬಿದ. ದ್ಯಾವ "ಹೋಯ್!" ಅಂತ ಎದ್ದ. ಆ ಕಡೆ ಬೊಟ್ಟಿ, ಈ ಕಡೆ ದೊರೆ. ಅವಳ ನೆತ್ತರು ಅವನ ಪೀತಾಂಬರಕ್ಕೆ ಹತ್ತಿತು. ಹತ್ತಲಿ!

ಮಾಂತ್ರಿಕನ ಬೆತ್ತಕ್ಕೆ ಬರೀ ಧೂಳು ಸಿಕ್ಕಿತು. ಅವನು ರೇಗಿ, ಬೊಟ್ಟಿಯ ಬಾಲ ಹಿಡಿದು ಎಳೆಯಲು ರಥದಿಂದ ಧುಮುಕಿದ. ಮಗುಚಿದ ಗಾಲಿಗೆ ಕಾಲು ಸಿಕ್ಕಿ ದೊಪ್ಪನೆ ಬಿದ್ದ, ತನ್ನ ಬೆತ್ತದ ಮೇಲೇ ಬಿದ್ದ. ಬೆತ್ತಕ್ಕೆ ಒಡೆಯ ಯಾರು, ನಾಯಿ ಯಾರು ಅಂತ ಏನು ಗೊತ್ತು? ಅವನ ಓಟವನ್ನೂ ಸರ್ರನೆ ಎಳೆಯಿತು. ಎಳೆದ ರಭಸಕ್ಕೆ ಎರಡು ತುಂಡಾಯಿತು.

ಬೆತ್ತ ಮುರಿದದ್ದೇ ತಡ, ಊರಿನ ಗಾಲಿಗಳೆಲ್ಲ ಪಟಪಟ ಬಿರಿದವು. ಬೌ ಅಂತ, ಅಂಬಾ ಅಂತ, ಮಿಯಾಂವ್ ಅಂತ ಓಟಗಳು ಹೊರಗೆ ಹಾರಿ ತಮ್ಮ ತಮ್ಮ ಕಾಲು ಹುಡುಕಿಕೊಂಡು ಹೋದವು. ಮಾಂತ್ರಿಕನ ಹಿತ್ತಿಲಲ್ಲಿ ಬಿದ್ದವೆಲ್ಲ ಎದ್ದು ಮೈ ಕೊಡವಿದವು. ಸತ್ತವು ಮಾತ್ರ ಏಳಲಿಲ್ಲ. ಅದರಲ್ಲಿ ನಾನು ಸುಳ್ಳು ಹೇಳಲಾರೆ ಮಕ್ಕಳೇ.

"ಇನ್ನು ಇಳಿಸಪ್ಪ" ಅಂದ ದೊರೆ.

"ನಡುದಾರಿಯಲ್ಲಿ ಇಳಿಸುವಂತಿಲ್ಲ, ಬುದ್ಧೀ." ಹುಣಸೇ ತೋಪಿನವರೆಗೂ ಹೊತ್ತುಕೊಂಡೇ ಹೋದ.

ನಿಂಗಜ್ಜಿ ಇಬ್ಬರನ್ನೂ ನೋಡಿದಳು. "ಯಾರಿಗೆ ಮೊದಲು ಪೆಟ್ಟಾದದ್ದು?"

"ಬೊಟ್ಟಿಗೆ."

"ಹಾಗಾದರೆ ದೊರೆ ಕಾಯಲಿ" ಅಂದು ಬಿದಿರ ದಬ್ಬೆ ತೆಗೆದುಕೊಂಡಳು. ದೊರೆ ಕಾದ. ಬೊಟ್ಟಿಯ ನರಳಾಟ ಕೇಳುತ್ತಾ ಕಾದ. ಅವನು ಆ ದನಿ ಕೇಳಿಸಿಕೊಂಡದ್ದು ಅದೇ ಮೊದಲು.

ಆಮೇಲೆ ಯಾರು ಯಾರು ಏನಾದರು ಅಂತ ಕೇಳಿ. ದೊರೆ ಕುಂಟುತ್ತಾ ಊರಿಗೆ ಹೋಗಿ ಹೊಸ ಡಂಗುರ ಸಾರಿಸಿದ: "ಎತ್ತದೆ ದಾಟಿ ಹೋದವನೇ ಗುದ್ದಿದವನು!" ರಥಗಳಿಗೆ ಕುದುರೆ ಬಂದವು, ಊರು ನಿಧಾನವಾಯಿತು, ಯಾರಿಗೂ ಏನೂ ಆಗಲಿಲ್ಲ. ಸಾಕವ್ವ ತನ್ನ ಅಂಗಡಿಯಲ್ಲಿ ಹೂವಿನ ಪಕ್ಕ ಒಂದು ನೀರಿನ ಬಾನಿ ಇಟ್ಟಳು. ಕಲ್ಲಿನ ಸಿಂಹ ಇವತ್ತಿಗೂ ಕಂಬ ಹೊತ್ತಿದೆ, ಅದರ ಕಾಲಸಂದಿಯಲ್ಲಿ ಬೆಕ್ಕು ಮರಿ ಹಾಕುತ್ತದೆ. ನಿಂಗಜ್ಜಿಯ ತೋಪು ದೊಡ್ಡದಾಯಿತು. ದ್ಯಾವ ಮತ್ತೆ ಪಲ್ಲಕ್ಕಿ ಹೊತ್ತ, ಒಳಗೆ ನಾಯಿ, ಕತ್ತೆಮರಿ, ರೆಕ್ಕೆ ಮುರಿದ ಹದ್ದು.

ಮಾಂತ್ರಿಕನೇ? ಅವನ ಓಟ ಮುರಿದ ಬೆತ್ತದ ಜೊತೆಗೇ ಹೋಗಿತ್ತು, ಬೀದಿಯಲ್ಲಿ ಬಿದ್ದೇ ಇದ್ದ. ಅವನನ್ನು ಎತ್ತಿ ತಂದವನೂ ದ್ಯಾವನೇ. "ಹೆಗಲು ಕೊಡುವಾಗ ಯಾರು ಅಂತ ಕೇಳುವುದಿಲ್ಲ" ಅಂದನಂತೆ. ನಾನಾಗಿದ್ದರೆ ಒಂದು ರಾತ್ರಿಯಾದರೂ ಬಿಟ್ಟಿರುತ್ತಿದ್ದೆ! ಅವನು ತೋಪಿನಲ್ಲೇ ಕೂತು ನಾಯಿಗಳಿಗೆ ಗಂಜಿ ಕಾಯಿಸುತ್ತಾ ಮುದುಕನಾದ. ಅವು ಗಂಜಿ ಕುಡಿದು, ಅವನಿಗೊಮ್ಮೆ ಗುರ್ರಂದು, ಹೋಗಿ ಬಿಸಿಲಿಗೆ ಮಲಗುತ್ತಿದ್ದವು.

ಬೊಟ್ಟಿಯ ಕಾಲು ಕೂಡಿಕೊಂಡಿತು, ಸ್ವಲ್ಪ ಸೊಟ್ಟಗೆ. ಆ ಸೊಟ್ಟ ಕಾಲಲ್ಲೇ ಪಲ್ಲಕ್ಕಿಯ ಮುಂದೆ ಮುಂದೆ ಓಡುತ್ತಿದ್ದಳು, ದಾರಿ ಬಿಡಿ ಅಂತ ಊರಿಗೆಲ್ಲ ಬೊಗಳುತ್ತಾ. ಜನ ದಾರಿ ಬಿಡುತ್ತಿದ್ದರು.