ಹಲಗೆಯ ಮೇಲಿನ ಕಾರ್ಡು

"ಎಂಟನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನು ನೀನು! ಕೊಟ್ಟ ಮಾತಿನ ಬೆಲೆ ನಿನಗೇನು ಗೊತ್ತಿರತ್ತೆ?"

ಗೋವಿಂದರಾಜನಗರದ ಆ ಮನೆಯ ಹಾಲ್‌ನಲ್ಲಿ ಹದಿನೈದು ಜನ ನೆಂಟರಿದ್ದರು. ಅಷ್ಟೂ ಜನರ ಮುಂದೆ ಶರಣ್ಯಾ ಹಾಗೆ ಕೇಳಿದಳು... ತಾನು ಪ್ರೀತಿಸಿದವನನ್ನೇ!

ನಿಶ್ಚಿತಾರ್ಥಕ್ಕೆ ಬರಬೇಕಾದ ಅಮರೇಶ ನಾಲ್ಕು ದಿನ ತಡವಾಗಿ ಬಂದು ಬಾಗಿಲಲ್ಲಿ ನಿಂತಿದ್ದ. ಫೋನಿಲ್ಲ, ಮೆಸೇಜಿಲ್ಲ. ಅವತ್ತು ಹಾರ ಇತ್ತು, ಹೋಳಿಗೆ ಇತ್ತು. ಹುಡುಗ ಒಬ್ಬನೇ ಇರಲಿಲ್ಲ.

"ಗಾಳಿ ಇತ್ರೀ," ಅಂದ ಅವನು. ಅಷ್ಟೇ.

"ಗಾಳಿ ನಮ್ಮ ವಿಜಯನಗರದಲ್ಲೂ ಇತ್ತಪ್ಪ," ಎಂದರು ಅವಳ ಸೋದರಮಾವ ವೆಂಕಟಗಿರಿ. "ನಾವು ಸ್ಕೂಟರಲ್ಲೇ ಬಂದ್ವಿ!"

ಎಲ್ಲರೂ ನಕ್ಕರು. ಅಮರೇಶನ ಮುಷ್ಟಿ ಬಿಗಿಯಾಯಿತು.

"ನಗ್ರಿ," ಎಂದು ಮೆಟ್ಟಿಲಿಳಿದು ಹೋದ.

ಬೆಂಗಳೂರಿನ ಉಲ್ಲಾಳದ ಬಸ್ಸಿನಲ್ಲಿ ಶರಣ್ಯಾಗೆ ಪರಿಚಯವಾದವನು ಅವನು. ಇಪ್ಪತ್ತೆಂಟು ದಿನ ಬಂಗಾಳ ಕೊಲ್ಲಿಯಲ್ಲಿ, ಕಬ್ಬಿಣದ ಕಾಲುಗಳ ಮೇಲೆ ನಿಂತ ರಿಗ್‌ನಲ್ಲಿ ತೈಲಬಾವಿ ಕೊರೆಯುವ ಕೆಲಸ. ಇಪ್ಪತ್ತೆಂಟು ದಿನ ಉಲ್ಲಾಳದ ಬಾಡಿಗೆ ರೂಮು.

ಅವನು ಹೋದ ಮೇಲೆ ಶರಣ್ಯಾ ರಾತ್ರಿಯೆಲ್ಲ ತನ್ನನ್ನೇ ಬೈದುಕೊಂಡಳು: 'ಬೈಯೋಕೆ ನೂರು ಮಾತಿತ್ತು. ಅವನೇ ನಂಬಿ ಹೇಳಿಕೊಂಡಿದ್ದನ್ನೇ ಯಾಕೆ ಎತ್ತಿದೆ? ನಾನೊಬ್ಬಳು ಟೀಚರ್ರು!'

ಮರುದಿನ ಬೆಳಿಗ್ಗೆ, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಯುವಕನೊಬ್ಬ ಗೇಟಿನ ಬಳಿ ನಿಂತಿದ್ದ.

"ಅತ್ತಿಗೆ, ನಾನು ಅನಿಕೇತ್. ಅಮರೇಶಣ್ಣನ ಜೊತೆ ರಿಗ್ಗಲ್ಲಿರೋದು. ಬೈಯೋದಿದ್ರೆ ನನ್ನ ಬೈರಿ."

"ಯಾಕೆ?"

"ಚಂಡಮಾರುತ ಬರ್ತಿದೆ ಅಂತ ಜನರನ್ನ ದಡಕ್ಕೆ ಸಾಗಿಸ್ತಿದ್ರು. ಕೊನೆ ಹೆಲಿಕಾಪ್ಟರಲ್ಲಿ ಒಂದು ಸೀಟೂ ಉಳಿದಿರ್ಲಿಲ್ಲ. ಅಣ್ಣ ಕೂತು ಬೆಲ್ಟೂ ಹಾಕಿದ್ದ. ಅಷ್ಟರಲ್ಲಿ ಪೈಪ್ ಬಿದ್ದು ನನ್ನ ಕೈ ಮುರೀತು. ಅಣ್ಣ ಇಳಿದು, 'ನೀ ಹತ್ತಲೇ' ಅಂದ."

ಶರಣ್ಯಾ ಗೇಟು ಹಿಡಿದುಕೊಂಡಳು.

"ಹನ್ನೊಂದು ಜನ ಅಲ್ಲೇ ಉಳಿದ್ರು. ಮೂರು ದಿನ ಅಲ್ಲಿ ಫೋನೇ ಇಲ್ಲ, ನನ್ನ ಹತ್ರ ನಿಮ್ಮ ನಂಬರ್ ಇರ್ಲಿಲ್ಲ. ಗಂಟೆಗೊಂದ್ಸಲ ಹಾಜರಿ. ಹೆಸರು ಕೂಗಿದ್ರೆ ಯಾರೂ ಓ ಅನ್ನಲ್ಲ ಅತ್ತಿಗೆ, ಆ ಗಾಳೀಲಿ ಕೇಳಿಸಲ್ಲ. ಹಲಗೆ ಮೇಲಿರೋ ನಮ್ಮ ಕಾರ್ಡ್ ತಿರುಗಿಸ್ತೀವಿ. ಕೆಂಪಿದ್ರೆ ಆಳು ಬಂದಿಲ್ಲ. ಹಸಿರಾದ್ರೆ... ಬದುಕಿದಾನೆ, ಬಂದಿದಾನೆ ಅಂತ."

"ನನಗ್ಯಾಕೆ ಹೇಳ್ಲಿಲ್ಲ ಅವರು?"

"ನೀವು ಕೇಳಿದ್ರಾ?"

ಇಲ್ಲ... ಕೇಳಿರಲಿಲ್ಲ.

"ರಜ ಬೇಡ ಅಂತ ವಾಪಸ್ ರಿಗ್ಗಿಗೆ ಹೊರಟಿದಾನೆ. ಮಾಗಡಿ ರೋಡ್ ಸ್ಟಾಪಲ್ಲಿ ಇರ್ತಾನೆ, ಓಡಿ!"

ಓಡಿದಳು. ಮನೆಯ ಚಪ್ಪಲಿಯಲ್ಲೇ.

ಸ್ಟಾಪಿನಲ್ಲಿ ಜನವೋ ಜನ. ಬ್ಯಾಗು ಹೆಗಲಿಗೇರಿಸಿ ಅಮರೇಶ ನಿಂತಿದ್ದ.

"ಸ್ಕೂಲಿಗೆ ತಡ ಆಗಂಗಿಲ್ಲೇನ್ರೀ ಮೇಡಂ?" ಅವನ ದನಿಯಲ್ಲಿ ನಿನ್ನೆಯ ಬೆಂಕಿ ಆರಿರಲಿಲ್ಲ.

"ಎಲ್ಲರ ಮುಂದೆ ಬೈದೆ. ಎಲ್ಲರ ಮುಂದೇ ಹೇಳ್ತೀನಿ. ತಪ್ಪಾಯ್ತು!"

ಜನ ತಿರುಗಿ ನೋಡಿದರು.

"ಅನಿಕೇತ್ ಎಲ್ಲಾ ಹೇಳಿದ..."

"ಹೇಳಂಥದ್ದೇನಿತ್ತು? ಅವನ ಕೈ ಮುರದಿತ್ತು. ನಂದು ನೆಟ್ಟಗಿತ್ತು."

"ನಿಮಗೆ ಹೆದರಿಕೆ ಆಗ್ಲಿಲ್ವಾ?"

ಅವನು ಮೊದಲ ಸಲ ಅವಳ ಕಣ್ಣು ನೋಡಿದ. "ಆತು. ಹಸಿರು ಮಾಡೂ ಮುಂದ, ಪ್ರತಿ ಸಲ ನಿಮ್ಮ ಹೆಸರು ಅಂದ್ಕೊಂಡೀನಿ."

ಮೆಜೆಸ್ಟಿಕ್ ಬಸ್ಸು ಬಂದು ನಿಂತಿತು. ಅವಳಿಗೆ ಅಳು ತಡೆಯಲಾಗಲಿಲ್ಲ.

"ಇಪ್ಪತ್ತೆಂಟು ದಿನ ಕಾಯ್ತೀನಿ. ಐವತ್ತಾರಾದ್ರೂ ಕಾಯ್ತೀನಿ. ಅಮರೇಶ್... ನನ್ನ ಹತ್ರಾನೇ ಬರ್ತೀರಾ?"

ಅವನು ಅಂಗಿಯ ಜೇಬಿನಿಂದ, ರಿಗ್ಗಿನ ಹಲಗೆಯಿಂದ ತಂದಿದ್ದ, ಮಳೆಗೆ ನೆಂದು ಮೂಲೆ ಸುಕ್ಕಾದ ತನ್ನ ಕಾರ್ಡನ್ನು ತೆಗೆದ. ಅವಳ ಅಂಗೈಯಲ್ಲಿಟ್ಟ. ಕೆಂಪು.

ನಿಧಾನವಾಗಿ ತಿರುಗಿಸಿದ. ಹಸಿರು.

"ಏನಮ್ಮಾ," ಹೂಬುಟ್ಟಿ ಹಿಡಿದ ಹೆಂಗಸೊಬ್ಬಳು ಕೇಳಿದಳು, "ಅಷ್ಟು ಕೇಳ್ದೆ, ಉತ್ತರಾನೇ ಕೊಡ್ಲಿಲ್ವಲ್ಲ ನಿನ್ನ ಹುಡ್ಗ?"

"ಕೊಟ್ರು ಆಂಟಿ..." ಶರಣ್ಯಾ ಅಂಗೈ ಮುಚ್ಚಿಕೊಂಡಳು.

ಅವನು ಜನರ ನಡುವೆ ದಾರಿ ಮಾಡಿಕೊಂಡು, ಬಸ್ಸಿನ ಕಡೆ ನಡೆದು ಹೋದ.