ತುಳಜಾಬಾಯಿಯ ಇಂಗ್ಲಿಷ್

ತುಳಜಾಬಾಯಿಗೆ ಇಂಗ್ಲಿಷಿನಲ್ಲಿ ಒಂದು ಲೋಟ ನೀರು ಕೇಳಲು ಬರುತ್ತಿರಲಿಲ್ಲ. ಆದರೆ ಇಂಗ್ಲಿಷಿನ ನುಡಿಗಟ್ಟುಗಳು ಮಾತ್ರ ಇನ್ನೂರು ಬಾಯಿಪಾಠ, ಅರ್ಥ ಸಮೇತ. ಮೆಟ್ರಿಕ್ ಪರೀಕ್ಷೆಯಲ್ಲಿ ಅವಕ್ಕೇ ಅಂಕ ಜಾಸ್ತಿ ಎಂದು ಮಕ್ಬೂಲ್ ಮಾಸ್ತರ ಅವನ್ನೇ ತಿರುಗಿಸಿ ಮುರುಗಿಸಿ ಕಲಿಸಿದ್ದ.

ಕಮಲಾಪುರದ ಅವಳ ಮನೆಯ ಪಡಸಾಲೆಯಲ್ಲಿ, ಅವ್ವನ ಕಣ್ಣೆದುರೇ ಪಾಠ.

“‘ಆ್ಯಪಲ್ ಆಫ್ ಒನ್ಸ್ ಐ’ ಅಂದ್ರ ಏನ್ರಿ?” ಮಾಸ್ತರ ಕೇಳುತ್ತಿದ್ದ.

“ಕಣ್ಣಾಗಿನ ಸೇಬು.”

“ಅಲ್ರೀ. ಬಾಳ ಪ್ರೀತಿ ಇದ್ದವರಿಗಿ ಹಂಗ ಅಂತಾರ.”

“ನಿಮಗ ಅಂಥವರು ಯಾರಿದ್ದಾರ್ರಿ, ಮಾಸ್ತರ?”

ಮಕ್ಬೂಲನ ಕಿವಿ ಕೆಂಪಾಗುತ್ತಿತ್ತು. ಅವನ ಕಣ್ಣು ಅವಳ ಮೂಗುಬೊಟ್ಟಿನ ಮೇಲೆ ಒಂದು ಗಳಿಗೆ ನಿಂತು ಮತ್ತೆ ಪುಸ್ತಕಕ್ಕೆ ಇಳಿಯುತ್ತಿತ್ತು. ಜೋಳ ಕೇರುತ್ತಿದ್ದ ಅವ್ವ ಸುಮ್ಮನೆ ಕೆಮ್ಮುತ್ತಿದ್ದಳು.

ನಿಜಾಮನ ಕಡೆಯ ರಜಾಕಾರರು ಪಕ್ಕದ ಮಹಾಗಾಂವಕ್ಕೆ ನುಗ್ಗಿ, ಬಣವೆಗಳಿಗೆ ಬೆಂಕಿಯಿಟ್ಟು, ಅವಳ ಕಾಕಾನನ್ನು ಕಡಿದು ಹಾಕಿದ ದಿನ ಆ ಪಾಠ ನಿಂತಿತು.

ತಿಂಗಳೊಳಗೆ ನಿಜಾಮನ ಸರ್ಕಾರ ಬಿತ್ತು, ಹಿಂದೂಸ್ತಾನದ ಫೌಜು ಬಂತು. ಈಗ ಸೇಡಿನ ಸರದಿ. ತುಳಜಾ ಓಡಿ ಬರುವ ಹೊತ್ತಿಗೆ ಮಕ್ಬೂಲ್ ಬೇವಿನ ಮರದ ಬುಡದಲ್ಲಿ, ಊರವರ ಗುಂಪಿನ ನಡುವೆ ಬಿದ್ದಿದ್ದ. ಒಂದು ಕಣ್ಣು ಬಾತು ಮುಚ್ಚಿತ್ತು, ತಲೆಯ ರಕ್ತ ಅಂಗಿಗೆ ಇಳಿಯುತ್ತಿತ್ತು. ಕೊಡಲಿ ಹಿಡಿದು ನಿಂತವನು ಅವಳ ಒಡಹುಟ್ಟಿದ ಅಣ್ಣ, ದೇವಿಂದ್ರಪ್ಪ.

“ಕಾಕಾನ ಕೊಂದವರ ಗುಂಪಿನ್ಯಾಗ ಇಂವ ಇದ್ದ! ಅವತ್ತು ಊರಾಗ ಇರಲಿಲ್ಲ. ಎಲ್ಲಿ ಹೋಗಿದ್ದಿ ಅಂದ್ರ ಬಾಯಿ ಬಿಡವಲ್ಲ!”

ಯಾಕೆ ಬಿಡುತ್ತಿಲ್ಲ ಎಂದು ತುಳಜಾಗೆ ಗೊತ್ತಿತ್ತು. ಪರೀಕ್ಷೆಯ ಅರ್ಜಿ ಎಂದು ಮನೆಯಲ್ಲಿ ಸುಳ್ಳು ಹೇಳಿ ಅವತ್ತು ಅವಳು ಗುಲ್ಬರ್ಗಕ್ಕೆ ಹೋಗಿದ್ದಳು. ಸ್ಟೇಶನ್ ಬಜಾರಿನ ಹೋಟೆಲಿನಲ್ಲಿ ಇಬ್ಬರೂ ಚಹಾ ತಣ್ಣಗಾದರೂ ಏಳದೆ ಕೂತಿದ್ದರು. ಅವಳ ಮಾನ ಉಳಿಸಲು ಈ ಹುಚ್ಚ ಜೀವ ಕೊಡಲು ತಯಾರಾಗಿದ್ದ. ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

ಫೌಜಿನ ಜೀಪು ಬಂದು ನಿಂತಿತು. ಅಧಿಕಾರಿ ಮದರಾಸಿನವನು, ಕನ್ನಡವೂ ಬಾರದು, ಉರ್ದುವೂ ಬಾರದು. ಇಂಗ್ಲಿಷಿನಲ್ಲಿ ಅವನು ಕೂಗುತ್ತಿದ್ದಂತೆಯೇ ಕೊಡಲಿ ಮಕ್ಬೂಲನ ಭುಜಕ್ಕೆ ಬಿತ್ತು.

ತುಳಜಾ ಮಕ್ಬೂಲನ ಮೇಲೆ ಅಡ್ಡ ಬಿದ್ದಳು. ಬಾಯಿಗೆ ಬಂದದ್ದು ಬಾಯಿಪಾಠವೇ.

“ಸಾರ್! ಹಿ ಈಸ್ ಮೈ ಫ್ಲೆಶ್ ಅಂಡ್ ಬ್ಲಡ್! ಥ್ರೂ ಥಿಕ್ ಅಂಡ್ ಥಿನ್!”

ಅಧಿಕಾರಿ ಗಾಳಿಗೆ ಗುಂಡು ಹಾರಿಸಿದ. ಗುಂಪು ನಾಲ್ಕು ಹೆಜ್ಜೆ ಹಿಂದೆ ಸರಿಯಿತು.

“ಏನಂದಿ ಅವನಿಗಿ?” ದೇವಿಂದ್ರಪ್ಪ ಗದರಿದ.

ಅವಳು ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಜೀಪು ಹೋದ ಮೇಲೆ ಮಕ್ಬೂಲ್ ಉಳಿಯುತ್ತಿರಲಿಲ್ಲ.

“ನನ್ನ ರಕ್ತ-ಮಾಂಸ ಅಂದೆ. ಕಷ್ಟಕ್ಕೂ ಸುಖಕ್ಕೂ ಜೊತಿಗಿರಾಂವ ಅಂದೆ. ಅವತ್ತು ಹಗಲೆಲ್ಲಾ ಇಂವ ಗುಲ್ಬರ್ಗಾದಾಗ ನನ್ನ ಜೊತಿ ಇದ್ದ, ಅಣ್ಣಾ. ಕಡಿಯೂದಿದ್ರ ಇಬ್ಬರನೂ ಕಡಿ.”

ದೇವಿಂದ್ರಪ್ಪ ಅವಳ ಕೆನ್ನೆಗೆ ಬಾರಿಸಿದ. ತುಟಿ ಒಡೆಯಿತು. ಮತ್ತೊಮ್ಮೆ ಎತ್ತಿದ ಕೈ ಹಾಗೇ ಕೆಳಗಿಳಿಯಿತು.

“ನೀ ಮನಿಗಿ ಬರಬ್ಯಾಡ,” ಎಂದ.

ಅಧಿಕಾರಿ ಇಬ್ಬರನ್ನೂ ಜೀಪಿಗೆ ಹತ್ತಿಸಿದ. ಅವಳು ಸೆರಗು ಮುದ್ದೆ ಮಾಡಿ ಮಕ್ಬೂಲನ ಭುಜಕ್ಕೆ ಒತ್ತಿ ಹಿಡಿದಳು. ಮಕ್ಬೂಲ್ ನರಳುತ್ತಲೇ ನಕ್ಕ.

“ತಪ್ಪು ಹೇಳಿದ್ರಿ. ಫ್ಲೆಶ್ ಅಂಡ್ ಬ್ಲಡ್ ಅಂದ್ರ ಒಡಹುಟ್ಟಿದವರು ರೀ. ಅಲ್ಲಿ ನಿಂತಾರಲ್ಲ, ಅವರು.”

ಅವಳು ಹಿಂತಿರುಗಿ ನೋಡಿದಳು. ಧೂಳಿನಲ್ಲಿ ಅಣ್ಣ ರುಮಾಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

“ಗೊತ್ತದ ರೀ,” ಎಂದಳು ತುಳಜಾ. “ಗೊತ್ತಿದ್ದೇ ನಿಮಗ ಅಂದೀನಿ.”